ಅರ್ಧ ಕೊಯ್ದ ದಿಮ್ಮಿಗೆ ಒಂದು ಗರಗಸ

ಎರಡು ಹಿಡಿಯ ಗರಗಸಕ್ಕೆ ಇರುವುದು ಒಂದೇ ನಿಯಮ: ಎಳೆಯಬೇಕು, ತಳ್ಳಬಾರದು. ನಿನ್ನ ಸರದಿಗೆ ನಿನ್ನ ಕಡೆ ಎಳೆ. ಎಳೆದಾದ ಮೇಲೆ ಕೈ ಸಡಿಲ ಬಿಡು, ಆಚೆಯವನು ತನ್ನ ಕಡೆ ಎಳೆದುಕೊಳ್ಳಲಿ. ತಳ್ಳಿದೆಯೋ, ಅಲಗು ಬಾಗಿ ಮರದಲ್ಲಿ ಕಚ್ಚಿಕೊಳ್ಳುತ್ತದೆ. ಇಷ್ಟನ್ನು ಚಿಕ್ಕಪ್ಪನಿಗೆ ಅವನ ಅಣ್ಣ ಕಲಿಸಿಕೊಟ್ಟಾಗ ಚಿಕ್ಕಪ್ಪನಿಗೆ ಇಪ್ಪತ್ತೈದು ವರ್ಷ. ಈಗ ಅರವತ್ತೇಳು. ನಡುವಿನ ನಲವತ್ತೆರಡು ವರ್ಷಗಳಲ್ಲಿ ಅವನ ಕೈ ಎಷ್ಟು ಸಲ ಎಳೆದಿತ್ತೋ ಅಷ್ಟೇ ಸಲ ಬಿಟ್ಟೂ ಇತ್ತು.

ಅವನನ್ನು ಚಿಕ್ಕಪ್ಪ ಎಂದು ಮೊದಲು ಕರೆದವಳು ಅಣ್ಣನ ಮಗಳು. ಅವಳ ಬಾಯಿಂದ ಆ ಮಾತು ಬೀದಿಗೆ ಹೋಯಿತು. ಅವಳು ಮದುವೆಯಾಗಿ ಹೋದ ಮೇಲೂ ಬೀದಿಯಲ್ಲಿ ಉಳಿಯಿತು. ಅದೇ ಲೆಕ್ಕದಲ್ಲಿ ಅಣ್ಣ ಎಲ್ಲರಿಗೂ ದೊಡ್ಡಪ್ಪನಾದ. ಚಿಕ್ಕಪ್ಪ ಮದುವೆಯಾಗಲಿಲ್ಲ, ಅಣ್ಣನ ಮನೆಯ ಹಿಂದಿನ ಕೋಣೆಯಲ್ಲೇ ಇದ್ದುಬಿಟ್ಟ. ಇಬ್ಬರೂ ಸೇರಿ ಬೀದಿಯ ಹದಿನಾರು ಮನೆಗಳ ಒಲೆಗೆ ಸೌದೆ ಕೊಯ್ದು ಹಾಕುತ್ತಿದ್ದರು. ಒಬ್ಬನನ್ನು ಊಟಕ್ಕೆ ಕರೆದರೆ ಇನ್ನೊಬ್ಬ ಕೈ ತೊಳೆಯುತ್ತಾನೆ ಎಂದು ಜನ ನಗುತ್ತಿದ್ದರು.

ಹಿತ್ತಲಲ್ಲಿ ಅವರವರ ಜಾಗ ಗೊತ್ತಾಗಿಹೋಗಿತ್ತು. ಸೌದೆ ಕೊಟ್ಟಿಗೆಯ ತಗಡಿನ ಚಾವಣಿ ಚಾಚಿಕೊಂಡಿದ್ದ ಕಡೆ ಅಣ್ಣನದು. ಬಯಲಲ್ಲಿ, ಮೇಲೇನೂ ಇಲ್ಲದ ಕಡೆ ಚಿಕ್ಕಪ್ಪನದು. ಬಿಸಿಲೇರಿದ ಮೇಲೆ ಚಿಕ್ಕಪ್ಪನ ಬೆನ್ನು ಸುಡುತ್ತಿತ್ತು. "ನೆರಳೆಲ್ಲ ದೊಡ್ಡವರಿಗೆ, ಬೆವರೆಲ್ಲ ಚಿಕ್ಕವರಿಗೆ" ಎಂದು ಅವನು ಒಮ್ಮೊಮ್ಮೆ ಗೊಣಗುತ್ತಿದ್ದುದು ಪೂರಾ ತಮಾಷೆಯಲ್ಲ. ಅಣ್ಣನಿಗೆ ಒಂದು ಅಭ್ಯಾಸವಿತ್ತು: ಗರಗಸ ಓಡಲು ತೊಡಗಿದ ಕೂಡಲೇ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಆಗೆಲ್ಲ ಚಿಕ್ಕಪ್ಪ, "ಏನಣ್ಣ, ನಿದ್ದೆಯಾ?" ಎಂದು ಕೆಣಕುವುದು, ಅಣ್ಣ ಅದಕ್ಕೆ ಬಾಯಲ್ಲಿ ಏನೂ ಹೇಳದೆ ಇನ್ನಷ್ಟು ಬಲವಾಗಿ ಎಳೆಯುವುದು. ಅವರ ಮಧ್ಯೆ ನಡೆಯುತ್ತಿದ್ದ ಮಾತುಕತೆಯೆಲ್ಲ ಹೆಚ್ಚುಕಡಿಮೆ ಅಷ್ಟೇ.

ಮೂರು ತಿಂಗಳ ಹಿಂದೆ ಒಂದು ಬೆಳಿಗ್ಗೆ, ಬಿರುಗಾಳಿಗೆ ರಸ್ತೆಗೆ ಅಡ್ಡಲಾಗಿ ಬಿದ್ದಿದ್ದ ಮರದ ಬುಡದ ದಿಮ್ಮಿಯನ್ನು ಹಿತ್ತಲಿಗೆ ತಂದು ಅವರು ಕೊಯ್ಯುತ್ತಿದ್ದರು. ಎರಡು ಅಡಿ ದಪ್ಪ, ಬಿಗಿಯಾದ ಮರ. ಅಡಿಯಲ್ಲಿ ತೊಲೆಗಳನ್ನು ಕೊಟ್ಟು, ಕೊಯ್ಯುವ ತುದಿ ಗಾಳಿಯಲ್ಲಿ ನಿಲ್ಲುವಂತೆ ಇಟ್ಟುಕೊಂಡಿದ್ದರು. ಶುರುಮಾಡುವ ಮುಂಚೆ ಇಬ್ಬರೂ ದಿಮ್ಮಿಯ ಮೇಲೆ ಕೈಯಿಟ್ಟು ದೇವರನ್ನು ನೆನೆದರು, ಎಂದಿನ ಹಾಗೆ. ಅರ್ಧ ಆಗಿತ್ತು. ಚಿಕ್ಕಪ್ಪ ಎಳೆದ, ಬಿಟ್ಟ. ಗರಗಸ ಹೋಗಲಿಲ್ಲ. ಅಣ್ಣ ಎರಡೂ ಕೈಯಿಂದ ಹಿಡಿ ಹಿಡಿದೇ ಇದ್ದ. ಕಣ್ಣು ಮುಚ್ಚಿತ್ತು, ಗದ್ದ ಸ್ವಲ್ಪ ಕೆಳಗಿತ್ತು.

"ನಿದ್ದೆ ಬಂತಾ? ಎಳಿ, ಸೋಮಾರಿ" ಎಂದ ಚಿಕ್ಕಪ್ಪ.

ಎಳೆಯಲಿಲ್ಲವೆಂದು ಗರಗಸವನ್ನು ಒಮ್ಮೆ ಅಲುಗಿಸಿದ ಕೂಡ. ಆಗ ಅಣ್ಣ ಮೆಲ್ಲಗೆ ಮರದ ಹುಡಿಯ ಮೇಲೆ ಮೊಣಕಾಲೂರಿ, ಪಕ್ಕಕ್ಕೆ ಒರಗಿದ. ಎದೆಬಡಿತ ನಿಂತುಹೋಗಿತ್ತು. ವೈದ್ಯರು ಬಂದು, ನೋವು ತಿಳಿದಿರಲಾರದು ಎಂದರು. ಎಲ್ಲರೂ ಅದನ್ನೇ ಹೇಳಿ ಚಿಕ್ಕಪ್ಪನನ್ನು ಸಮಾಧಾನ ಮಾಡಿದರು. ನೋವು ತಿಳಿಯದಿದ್ದರೂ ಕಿವಿ ಕೇಳಿರಬಹುದಲ್ಲ ಎಂದು ಅವನು ಯಾರನ್ನೂ ಕೇಳಲಿಲ್ಲ. ನಲವತ್ತೆರಡು ವರ್ಷದ ಜೊತೆಗಾರನ ಕಿವಿಗೆ ಕೊನೆಯದಾಗಿ ಬಿದ್ದ ಮಾತು ಸೋಮಾರಿ ಎಂಬುದು. ಪ್ರಾರ್ಥನೆಗೆ ಕೂತಾಗಲೆಲ್ಲ ದೇವರ ಹೆಸರಿಗಿಂತ ಮುಂಚೆ ಆ ಮಾತೇ ಎದ್ದು ಬರುತ್ತಿತ್ತು.

ದಿಮ್ಮಿ ಹಾಗೆಯೇ ಬಿದ್ದಿತ್ತು. ಅದನ್ನು ಮುಗಿಸಬೇಕು, ಬೇರೆಯವರ ಕೈಗೆ ಬಿಡಬಾರದು ಎಂಬುದೊಂದೇ ಚಿಕ್ಕಪ್ಪನ ಮನಸ್ಸಿನಲ್ಲಿ ನಿಂತುಬಿಟ್ಟಿತ್ತು. ಅಣ್ಣನ ಕ್ಷಮೆ ಕೇಳುವುದಕ್ಕೆ ಅವನಿಗೆ ಬೇರೆ ದಾರಿ ಗೊತ್ತಿರಲಿಲ್ಲ. ಆದರೆ ಒಂದು ಕೈಯಲ್ಲಿ ಚಪ್ಪಾಳೆಯಾಗುವುದಿಲ್ಲ. ಎದುರುಮನೆಯ ದರ್ಜಿಯನ್ನು ಕರೆದು ಒಂದು ಸಣ್ಣ ದಿಮ್ಮಿಯ ಮೇಲೆ ಪರೀಕ್ಷೆ ಮಾಡಿದ್ದಾಯಿತು. ದರ್ಜಿಗೆ ಹೊಲಿಗೆಯಂತ್ರದಡಿ ಬಟ್ಟೆ ತಳ್ಳಿ ತಳ್ಳಿ ರೂಢಿ, ಗರಗಸವನ್ನೂ ತಳ್ಳಿದ. ಹತ್ತು ಸಲ ಹೇಳಿದರೂ ತಳ್ಳಿದ. ಅಲಗು ಬಿಲ್ಲಿನಂತೆ ಬಾಗಿತು. ಚಿಕ್ಕಪ್ಪ ಅದನ್ನು ಒರೆಸಿ, ಎಣ್ಣೆ ಹಚ್ಚಿ, ಗೋಡೆಗೆ ತೂಗುಹಾಕಿದ.

ಅಡುಗೆಮನೆಯ ಕಿಟಕಿ ಹಿತ್ತಲಿಗೆ ತೆರೆಯುತ್ತಿತ್ತು. ಅತ್ತಿಗೆ ಒಲೆಯ ಮುಂದೆ ನಿಂತರೆ ಕಾಣುವುದು ಆ ದಿಮ್ಮಿಯೇ. ಅವಳು ಮೂರು ತಿಂಗಳು ಸಹಿಸಿದಳು. ಆಮೇಲೊಂದು ದಿನ ತಟ್ಟೆಯನ್ನು ಮೈದುನನ ಮುಂದೆ ಇಟ್ಟು, ನಿಂತುಕೊಂಡೇ ಹೇಳಿದಳು.

"ತಿಂಗಳ ಕೊನೆಗೆ ಮರದ ಅಡ್ಡೆಯವರ ಲಾರಿ ಬರುತ್ತೆ. ಕೊಯ್ಯೋದಾದರೆ ಕೊಯ್ಯಿ, ಇಲ್ಲದಿದ್ದರೆ ಲಾರಿಗೆ ಹಾಕಿಸ್ತೀನಿ. ದಿನಾ ಬೆಳಗ್ಗೆ ಎದ್ದು ಅದರ ಬಾಯಿ ನೋಡೋಕೆ ನನ್ನ ಕೈಲಿ ಆಗಲ್ಲ."

ತಿಂಗಳ ಕೊನೆಗೆ ಹನ್ನೆರಡು ದಿನವಿತ್ತು.

ಬೀದಿಯ ಕೊನೆಯಲ್ಲಿ ಸಾಣೆಯಕ್ಕನ ಅಂಗಡಿ. ಅವಳ ತಂದೆಯ ಕಾಲದಲ್ಲಿ ಅಲ್ಲಿ ಕೊಡಲಿ, ಕತ್ತರಿ, ಗರಗಸ ಸಾಣೆ ಹಿಡಿಯುತ್ತಿದ್ದರು. ಈಗ ಅವಳು ಅದರ ಜೊತೆಗೆ ಚೈನ್ ಗರಗಸಗಳನ್ನೂ ಮಾರುತ್ತಾಳೆ, ರಿಪೇರಿ ಮಾಡುತ್ತಾಳೆ. ಅಂಗಡಿಯೊಳಗೆ ಎಣ್ಣೆ ಮತ್ತು ಕಬ್ಬಿಣದ ಹುಡಿಯ ವಾಸನೆ. ಗೋಡೆಯ ಮೇಲೆ ಗರಗಸಗಳು ಸಾಲಾಗಿ, ಅಲಗಿನ ಉದ್ದ ಏರುತ್ತ ಹೋಗುವಂತೆ ತೂಗುತ್ತಿದ್ದವು. ಚಿಕ್ಕಪ್ಪ ಒಳಗೆ ಬಂದವನೇ ಕೊನೆಯದನ್ನು ತೋರಿಸಿದ. ಇಪ್ಪತ್ತನಾಲ್ಕು ಇಂಚಿನದು, ಪೆಟ್ರೋಲಿನದು.

ಅದು ಕಾಡಿನಲ್ಲಿ ಮರ ಬೀಳಿಸುವವರದು, ಸೌದೆಯವರದಲ್ಲ ಎಂದಳು ಸಾಣೆಯಕ್ಕ. ಕೂರಿಸಿ ಒಂದೊಂದಾಗಿ ಕೇಳಿದಳು. ದಿನಾ ಕೊಯ್ಯುವ ಮರ ಎಷ್ಟು ದಪ್ಪ? ಒಂದು ಗೇಣು, ಹೆಚ್ಚೆಂದರೆ ಒಂದೂವರೆ. ಹಸಿಯೋ ಒಣಗಿದ್ದೋ? ಎರಡೂ. ಕೊಯ್ಯುವ ಜಾಗ ಮನೆಯಿಂದ ದೂರವೇ? ಹಿತ್ತಲೇ. ಅಷ್ಟಕ್ಕೆ ಹದಿನಾಲ್ಕೋ ಹದಿನಾರೋ ಇಂಚಿನ ಅಲಗು ಸಾಕು, ಅಲಗು ಉದ್ದವಾದಷ್ಟೂ ಭಾರ, ಭಾರವಾದಷ್ಟೂ ಮುನಿಸು ಎಂದಳು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಲ್ಲವೇ.

ಒಂದು ದಿಮ್ಮಿ ಮಾತ್ರ ಎರಡು ಅಡಿಯದು ಎಂದ ಚಿಕ್ಕಪ್ಪ.

ಯಾವ ದಿಮ್ಮಿಯೆಂದು ಅವಳಿಗೆ ಗೊತ್ತು, ಬೀದಿಗೆಲ್ಲ ಗೊತ್ತು. ದನಿ ತಗ್ಗಿಸಿ ಹೇಳಿದಳು: "ಒಂದು ದಿಮ್ಮಿಗೋಸ್ಕರ ಗರಗಸ ಆರಿಸಬಾರದು ಚಿಕ್ಕಪ್ಪ. ಮದುವೆ ಅಂಗಿ ಒಂದು ದಿನಕ್ಕೆ ಅಂತ ಆರಿಸಬಹುದು. ಇದು ದಿನಾ ಹೊರೋದು."

ಅವನು ಕದಲಲಿಲ್ಲ. ಆಗ ಅವಳು ತನ್ನ ತಂದೆಯ ಪರೀಕ್ಷೆಯೊಂದನ್ನು ಮಾಡಿಸಿದಳು. ವಯಸ್ಸಾದವರು ಯಾವ ಉಪಕರಣ ಕೊಳ್ಳಲು ಬಂದರೂ ಅವಳ ತಂದೆ ಅದನ್ನು ಅವರ ಎರಡೂ ಕೈಗೆ ಕೊಟ್ಟು, ಮುಂದಕ್ಕೆ ಚಾಚಿ ಹಿಡಿದು ಬೆಳಗಿನ ಪ್ರಾರ್ಥನೆಯನ್ನು ಪೂರ್ತಿ ಹೇಳಿ ಎನ್ನುತ್ತಿದ್ದನಂತೆ. ಪ್ರಾರ್ಥನೆ ಅರ್ಧಕ್ಕೆ ನಿಂತರೆ ಆ ಉಪಕರಣ ನಿಮ್ಮದಲ್ಲ.

ಚಿಕ್ಕಪ್ಪ ಹಿಡಿದ. ನಾಲ್ಕನೆಯ ಸಾಲಿಗೆ ತೋಳು ನಡುಗಿತು. ಉಳಿದ ಸಾಲುಗಳನ್ನು ಅವನು ಓಡಿಸಿದ, ಅರ್ಧ ಮಾತು ನುಂಗಿ, ಅರ್ಧ ಮಾತು ಉಸುರಿ, ಹೇಗೋ ಕೊನೆ ಮುಟ್ಟಿಸಿದ. ಹುಟ್ಟಿದಾಗಿನಿಂದ ದೇವರ ಮುಂದೆ ಅವಸರ ಮಾಡಿದವನಲ್ಲ. ನಾಚಿಕೆಯಿಂದ ಮುಖ ಕೆಂಪಾಯಿತು. ಸಾಣೆಯಕ್ಕ ಕಂಡೂ ಕಾಣದಂತೆ, ಎರಡು ದಿನ ಒಯ್ದು ನೋಡಿ, ಒಗ್ಗದಿದ್ದರೆ ಬದಲಿಸಿಕೊಳ್ಳಿ ಎಂದಳು. ದಪ್ಪ ಕೈಗವಸು, ಕನ್ನಡಕ, ಕಿವಿ ಮುಚ್ಚುವ ಟೋಪಿ, ಕಾಲಿಗೆ ಕಟ್ಟುವ ದಟ್ಟ ಬಟ್ಟೆ, ಎಲ್ಲ ಹೇರಿ ಕಳಿಸಿದಳು. ಅವನು ಹೋಗುವ ಮೊದಲು ಗೋಡೆಯ ಸಾಲಿನ ಆರಂಭದಲ್ಲಿದ್ದ, ಬ್ಯಾಟರಿಯಿಂದ ಓಡುವ ಹದಿನಾಲ್ಕು ಇಂಚಿನ ಗರಗಸವನ್ನೂ ಒಮ್ಮೆ ತೋರಿಸಿದಳು. ಚಿಕ್ಕಪ್ಪ ಅದನ್ನು ನೋಡಿ, ಇದು ಹೂವಿನ ಗಿಡ ಕತ್ತರಿಸುವವರಿಗೆ ಇರಲಿ ಎಂದ.

ದೊಡ್ಡ ಗರಗಸ ಒಂದೇ ಬೆಳಿಗ್ಗೆ ತನ್ನ ಬುದ್ಧಿ ತೋರಿಸಿತು. ಪರೀಕ್ಷೆಗೆಂದು ಒಂದು ಸಣ್ಣ ಕೊರಡಿಗೆ ಇಟ್ಟರೆ, ಅಲಗಿನ ಮೂತಿ ಹಿಂದಿನ ಮರಕ್ಕೆ ತಗುಲಿ ಗಕ್ಕನೆ ಮೇಲಕ್ಕೆ ಎಗರಿತು. ಚೈನು ತಾನಾಗಿಯೇ ನಿಂತಿತು, ಆದರೆ ಚಿಕ್ಕಪ್ಪ ಮರದ ಹುಡಿಯಲ್ಲಿ ಕುಕ್ಕರಿಸಿದ್ದ. ಕಿಟಕಿಯಿಂದ ನೋಡುತ್ತಿದ್ದ ಅತ್ತಿಗೆ ಒಲೆಯ ಕಡೆ ತಿರುಗಿಕೊಂಡಳು. ಬಿದ್ದದ್ದಕ್ಕಿಂತ ಅದೇ ಅವನಿಗೆ ಹೆಚ್ಚು ತಾಗಿತು.

ಬದಲಿಗೆ ತಂದದ್ದು ಹದಿನಾರು ಇಂಚಿನದು, ಅದೂ ಪೆಟ್ರೋಲಿನದು. ತೂಕ ಒಗ್ಗಿತು. ಪ್ರಾರ್ಥನೆ ಕೊನೆಯ ಸಾಲಿನವರೆಗೆ ಬಂದು ಅಲ್ಲಿ ಸ್ವಲ್ಪ ಎಡವಿತು, ಅಷ್ಟೇ. ಆದರೆ ಇದಕ್ಕೆ ಬೇರೆ ರೋಗ. ಮರಕ್ಕೆ ಇಳಿದು ನಾಲ್ಕು ಬೆರಳು ಹೋಗುವಷ್ಟರಲ್ಲಿ ಗುರ್ರೆಂದು ಉಸಿರುಗಟ್ಟಿ ಆರಿಹೋಗುತ್ತಿತ್ತು. ಹಗ್ಗ ಎಳೆದೆಳೆದು ಹೊತ್ತಿಸಿದರೆ ಮತ್ತೆ ಅದೇ. ಮೂರು ಸಲ ಅಂಗಡಿಗೆ ಹೊತ್ತುಕೊಂಡು ಹೋದ. ಮೂರು ಸಲವೂ ಸಾಣೆಯಕ್ಕ ಬಿಚ್ಚಿ ನೋಡಿದಳು, ಎಣ್ಣೆ ಬೆರೆಸಿದ ಪೆಟ್ರೋಲನ್ನು ಹೊಸದಾಗಿ ಹಾಕಿದಳು, ಚೈನಿನ ಬಿಗಿತ ಎಳೆದು ನೋಡಿದಳು, ತನ್ನ ಅಂಗಳದ ಕೊರಡನ್ನು ಬೆಣ್ಣೆಯಂತೆ ಕೊಯ್ದು ತೋರಿಸಿದಳು. ಚೈನಿನಿಂದ ಹುಡಿಯಲ್ಲ, ಚಕ್ಕೆಯೇ ಉದುರುತ್ತಿದೆ ನೋಡಿ, ಮಸೆತವೂ ಸರಿಯಾಗಿದೆ ಎಂದಳು. ಮನೆಗೆ ತಂದರೆ ಮತ್ತೆ ಆರಿತು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದಳು ಅತ್ತಿಗೆ, ಕಿಟಕಿಯಿಂದಲೇ. ಮೂರು ತಿಂಗಳಲ್ಲಿ ಅವಳು ಆಡಿದ ಮೊದಲ ಹಾಸ್ಯ ಅದು. ಚಿಕ್ಕಪ್ಪನಿಗೆ ನಗು ಬರಲಿಲ್ಲ. ಲಾರಿಗೆ ಇನ್ನು ಮೂರೇ ದಿನ ಇತ್ತು.

ನಾಲ್ಕನೆಯ ಸಲ ಸಾಣೆಯಕ್ಕ ಅಂಗಡಿಗೆ ಬೀಗ ಹಾಕಿ ತಾನೇ ಹಿತ್ತಲಿಗೆ ಬಂದಳು. ನೀವು ಕೊಯ್ಯಿರಿ, ನಾನು ನೋಡುತ್ತೇನೆ ಎಂದು ಕೈಕಟ್ಟಿ ನಿಂತಳು. ಚಿಕ್ಕಪ್ಪ ಹೊತ್ತಿಸಿ, ಒಂದು ಗೇಣು ದಪ್ಪದ ಕೊರಡಿನ ಮೇಲೆ ಅಲಗು ಇಟ್ಟ. ಅವಳು ಯಂತ್ರವನ್ನು ನೋಡಲಿಲ್ಲ, ಅವನ ಬಲಗೈಯನ್ನು ನೋಡಿದಳು. ಹಿಡಿಯ ಕೆಳಗಿನ ಗುಂಡಿಯನ್ನು ಬೆರಳು ಒತ್ತುತ್ತಿತ್ತು, ಬಿಡುತ್ತಿತ್ತು. ಒತ್ತುತ್ತಿತ್ತು, ಬಿಡುತ್ತಿತ್ತು. ಒಂದು ಉಸಿರಿಗೊಂದು. ಬಿಟ್ಟಾಗ ಚೈನು ಮರದ ನಡುವೆಯೇ ನಿಲ್ಲುವುದು, ಮತ್ತೆ ಒತ್ತಿದಾಗ ಮರದ ಹಿಡಿತದಿಂದ ಬಿಡಿಸಿಕೊಳ್ಳಲು ಎಂಜಿನ್ನು ಒದ್ದಾಡುವುದು, ಮೂರನೆಯದಕ್ಕೋ ನಾಲ್ಕನೆಯದಕ್ಕೋ ಸೋತು ಆರುವುದು.

ಆರಿದ ಮೇಲೆ ಅವಳು ಅವನ ಕಿವಿಯ ಟೋಪಿ ತೆಗೆದು ಕೇಳಿದಳು.

"ಚಿಕ್ಕಪ್ಪ, ಯಾರಿಗೆ ಬಿಟ್ಟುಕೊಡ್ತಾ ಇದ್ದೀರಿ?"

ಮೊದಲು ಅವನಿಗೆ ಪ್ರಶ್ನೆಯೇ ತಿಳಿಯಲಿಲ್ಲ. ತನ್ನ ಬೆರಳನ್ನು ನೋಡಿಕೊಂಡ. ಅದು ಆಗಲೂ ಸಡಿಲವಾಗಿ, ಆಚೆಯವನು ಎಳೆದುಕೊಳ್ಳಲಿ ಎಂದು ಕಾದಂತೆ ನಿಂತಿತ್ತು. ಅವನು ಕೊರಡಿನ ಮೇಲೆ ಕುಳಿತುಬಿಟ್ಟ. ಅತ್ತಿಗೆ ಹೊರಗೆ ಬಂದಿದ್ದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ, ಒರೆಸಿದ್ದನ್ನೇ ಒರೆಸುತ್ತ ನಿಂತಳು.

ಹತ್ತು ದಿನ ಅಭ್ಯಾಸ ಮಾಡಿದರೆ ಕೈ ಮರೆಯುತ್ತದೆ, ಒಂದೇ ಸಮ ಒತ್ತಿ ಹಿಡಿಯುವುದನ್ನು ನಾನೇ ಕಲಿಸುತ್ತೇನೆ ಎಂದಳು ಸಾಣೆಯಕ್ಕ. ಹತ್ತು ದಿನ ಇಲ್ಲ ಎಂದ ಚಿಕ್ಕಪ್ಪ. ಇದ್ದರೂ ಕೈ ಮರೆಯುವುದು ಬೇಡ ಎಂದ.

ಅತ್ತಿಗೆ ಕೇಳಿದಳು: "ಹಿಡಿದರೆ ಕೆಲಸ ಮಾಡೋದು, ಬಿಟ್ಟರೆ ಸುಮ್ಮನಿರೋದು, ಮುನಿಸಿಕೊಳ್ಳದೇ ಇರೋದು, ಅಂಥದ್ದು ಯಾವುದೂ ಇಲ್ಲವೇನಮ್ಮ ನಿನ್ನ ಹತ್ತಿರ? ಇವನ ಅಣ್ಣನ ಹಾಗೆ?"

ಸಾಣೆಯಕ್ಕ ಅಂಗಡಿಗೆ ನಡೆದಳು. ಮರಳಿ ಬಂದಾಗ ಅವಳ ಕೈಯಲ್ಲಿ ಹೂವಿನ ಗಿಡದವರ ಆ ಹದಿನಾಲ್ಕು ಇಂಚಿನದಿತ್ತು. ಅದಕ್ಕೆ ಎಂಜಿನ್ನು ಇಲ್ಲ, ಹಗ್ಗ ಇಲ್ಲ, ಆರುವ ಮಾತೇ ಇಲ್ಲ. ಒತ್ತಿದರೆ ಓಡುತ್ತದೆ, ಬಿಟ್ಟರೆ ಹುಲ್ಲು ಅಲುಗಿದ್ದು ಕೇಳುವಷ್ಟು ನಿಶ್ಶಬ್ದ. ಬಿಟ್ಟಾಗ ಭಾರ ಹಾಕಬೇಡಿ, ಅಲಗನ್ನು ಕೂದಲೆಳೆಯಷ್ಟು ಎತ್ತಿಕೊಂಡು ಮತ್ತೆ ಒತ್ತಿರಿ, ಅಷ್ಟು ಸಾಕು ಎಂದಳು. ದೊಡ್ಡ ದಿಮ್ಮಿಗೆ ಇದು ಒಂದೇ ಕಡೆಯಿಂದ ಮುಟ್ಟುವುದಿಲ್ಲ. ನಿಮ್ಮ ಕಡೆಯಿಂದ ಅರ್ಧ ಕೊಯ್ದು, ಆಮೇಲೆ ಆ ಕಡೆಗೆ ಹೋಗಿ ಉಳಿದರ್ಧ ಕೊಯ್ಯಬೇಕು. ಚಿಕ್ಕಪ್ಪ ಅದನ್ನು ಮುಂದಕ್ಕೆ ಚಾಚಿ ಹಿಡಿದು ಪ್ರಾರ್ಥನೆ ಹೇಳಿದ. ಈ ಸಲ ನಿಧಾನವಾಗಿ ಹೇಳಿದ. ಎಲ್ಲ ಸಾಲುಗಳೂ ಬಂದವು.

ಮರುದಿನ ಬೆಳಿಗ್ಗೆ, ಅವರು ಯಾವಾಗಲೂ ಕೊಯ್ಯುತ್ತಿದ್ದ ಹೊತ್ತಿಗೆ, ಚಿಕ್ಕಪ್ಪ ದಿಮ್ಮಿಯ ಮೇಲೆ ಕೈಯಿಟ್ಟು ದೇವರನ್ನು ನೆನೆದ. ತನ್ನ ಜಾಗದಲ್ಲಿ ನಿಂತು, ಹಳೆಯ ಗರಗಸ ಬಿಟ್ಟ ಸೀಳಿನೊಳಗೆ ಅಲಗು ಇಳಿಸಿದ. ಒತ್ತಿದ, ಬಿಟ್ಟ. ಒತ್ತಿದ, ಬಿಟ್ಟ. ಬಿಟ್ಟಾಗಿನ ಮೌನದಲ್ಲಿ ಒಲೆಯ ಮೇಲೆ ನೀರು ಕುದಿಯುವುದು ಅಡುಗೆಮನೆಯಿಂದ ಕೇಳುತ್ತಿತ್ತು. ಹಸಿಮರದ ವಾಸನೆ ಎದ್ದಿತು. ಅಲಗು ಮುಟ್ಟುವಷ್ಟನ್ನೂ ಕೊಯ್ದಾದ ಮೇಲೆ ಗರಗಸ ಹೊರಗೆಳೆದು, ದಿಮ್ಮಿಯನ್ನು ಸುತ್ತಿ ಆ ಕಡೆಗೆ ಹೋದ.

ನಲವತ್ತೆರಡು ವರ್ಷದಲ್ಲಿ ಅವನು ಅಲ್ಲಿ ಒಂದು ಸಲವೂ ನಿಂತಿರಲಿಲ್ಲ. ನೆಲದಲ್ಲಿ ಅಣ್ಣನ ಹಿಮ್ಮಡಿಗಳು ಮಾಡಿದ ಎರಡು ಗುಳಿಗಳಿದ್ದವು, ಮರದ ಹುಡಿ ತುಂಬಿ ಗಟ್ಟಿಯಾಗಿದ್ದವು. ಅವನು ಹುಡಿಯನ್ನು ಕಾಲಿನಿಂದ ಸರಿಸಿ ತನ್ನ ಹಿಮ್ಮಡಿ ಇಟ್ಟ. ಅಣ್ಣನ ನಿಲುವು ಅವನದಕ್ಕಿಂತ ಅಗಲ. ತಲೆಯ ಮೇಲೆ ತಗಡಿನ ಚಾವಣಿ ಇತ್ತು, ನೆತ್ತಿಗೆ ನೆರಳೂ ಇತ್ತು. ಅವನು ತಲೆಯೆತ್ತಿ ತನ್ನ ಜಾಗದ ಕಡೆ ನೋಡಿದ, ನೋಡಲು ಆಗಲಿಲ್ಲ.

ಹಿತ್ತಲಾಚೆಯ ಎರಡು ಮನೆಗಳ ಸಂದಿಯಿಂದ ಬೆಳಗಿನ ಸೂರ್ಯ ನೇರವಾಗಿ ಕಣ್ಣಿಗೆ ಹೊಡೆಯುತ್ತಿದ್ದ. ಚಾವಣಿ ಎತ್ತರದಲ್ಲಿತ್ತು, ಬಿಸಿಲು ಅದರ ಕೆಳಗಿನಿಂದ ಬರುತ್ತಿತ್ತು. ಚಿಕ್ಕಪ್ಪ ಕಣ್ಣು ಮುಚ್ಚಿದ. ರೆಪ್ಪೆಯ ಮೇಲೂ ಬೆಳಕು ಕೆಂಪಗೆ ಉರಿಯಿತು. ಬೇರೆ ದಾರಿಯೇ ಇರಲಿಲ್ಲ, ಇಲ್ಲಿ ನಿಂತವನು ಕಣ್ಣು ಮುಚ್ಚಲೇಬೇಕು. ಆಚೆಯವನ ಕೈಯನ್ನು ನಂಬಿ, ಗರಗಸದ ಸದ್ದು ಕೇಳಿಯೇ ಎಳೆಯಬೇಕು. ಒಂದು ಗಂಟೆ ಹೊತ್ತು ಹೀಗೆ, ದಿನವೂ.

ಈ ಗರಗಸವನ್ನು ಕಣ್ಣು ಮುಚ್ಚಿ ನಡೆಸುವಂತಿಲ್ಲ. ಅವನು ಅದನ್ನು ದಿಮ್ಮಿಯ ಮೇಲಿಟ್ಟು ನಿಂತ. ಸದ್ದು ನಿಂತದ್ದನ್ನು ಕೇಳಿ ಅತ್ತಿಗೆ ನೀರಿನ ಲೋಟ ಹಿಡಿದು ಬಂದಳು.

"ಯಾಕೆ ನಿಲ್ಲಿಸಿದೆ?"

"ಕಣ್ಣಿಗೆ ಬಿಸಿಲು ಹೊಡೆಯುತ್ತೆ ಅತ್ತಿಗೆ."

"ಹೂಂ" ಎಂದಳು ಅವಳು. "ಅವರಿಗೂ ಹೊಡೀತಿತ್ತು."

ಚಿಕ್ಕಪ್ಪ ಲೋಟ ಹಿಡಿದು, ಕುಡಿಯದೆ, ಮೂರು ತಿಂಗಳು ಯಾರಿಗೂ ಹೇಳದ್ದನ್ನು ಹೇಳಿದ. ಸೋಮಾರಿ ಅಂದೆ ಅತ್ತಿಗೆ, ಕೊನೆಗೆ ಅಂದದ್ದು ಅದನ್ನೇ ಎಂದ. ಅವಳು ದಿಮ್ಮಿಯ ಸೀಳಿನ ಅಂಚಿನಿಂದ ಒಂದು ಚಕ್ಕೆ ಕಿತ್ತು ಕೈಯಲ್ಲಿ ತಿರುಗಿಸುತ್ತ ಹೇಳಿದಳು.

"ದಿನಾ ಊಟಕ್ಕೆ ಕೂತಾಗ ಹೇಳೋರು. ಇವತ್ತೂ ನಿದ್ದೆಯಾ ಅಂದ, ಇವತ್ತು ಸೋಮಾರಿ ಅಂದ ಅಂತ. ಅದನ್ನ ಹೇಳದೇ ಇದ್ದ ದಿನ, ಏನು, ನಿಮ್ಮ ತಮ್ಮನಿಗೆ ಮೈ ಸರಿ ಇಲ್ಲವಾ ಅಂತ ನಾನೇ ಕೇಳ್ತಿದ್ದೆ."

ಅಷ್ಟು ಹೇಳಿ ಚಕ್ಕೆಯನ್ನು ಸೆರಗಿನಲ್ಲಿ ಹಾಕಿಕೊಂಡು ಒಲೆಗೆ ಒಯ್ದಳು. ಚಿಕ್ಕಪ್ಪ ಅಣ್ಣನ ಗುಳಿಗಳಲ್ಲಿ ನಿಂತು ಬಿಸಿಲು ಸರಿಯುವುದನ್ನು ಕಾದ. ಅಣ್ಣನಿಗೆ ಹೀಗೆ ಒಂದು ದಿನವೂ ಕಾಯಲು ತಾನು ಬಿಟ್ಟಿರಲಿಲ್ಲ ಎಂಬುದು ನೆನಪಾಯಿತು. ಬೆಳಗಾಯಿತೋ ಇಲ್ಲವೋ ತಾನೇ ಮೊದಲು ಹೋಗಿ ಹಿಡಿ ಹಿಡಿದು ನಿಲ್ಲುತ್ತಿದ್ದ. ಕಣ್ಣಲ್ಲಿ ನೀರು ಬಂತು. ಬಿಸಿಲಿಗೆ ಎಂದುಕೊಳ್ಳಬಹುದಿತ್ತು, ಅವನು ಹಾಗೆ ಅಂದುಕೊಳ್ಳಲಿಲ್ಲ.

ಸೂರ್ಯ ಸಂದಿ ಬಿಟ್ಟು ಪಕ್ಕದ ಮನೆಯ ಚಾವಣಿಯ ಹಿಂದೆ ಸರಿದ. ಚಿಕ್ಕಪ್ಪ ಕನ್ನಡಕ ಒರೆಸಿ ಹಾಕಿಕೊಂಡ. ಸೀಳಿಗೆ ಅಲಗು ಇಳಿಸಿದ. ಒತ್ತಿದ, ಬಿಟ್ಟ. ಒತ್ತಿದ, ಬಿಟ್ಟ. ಮೇಲಿನ ಸೀಳು ಮೆಲ್ಲನೆ ಅಗಲವಾಗುತ್ತಿತ್ತು. ಕೆಳಗೆ ಎರಡು ಬೆರಳು, ಆಮೇಲೆ ಒಂದು ಬೆರಳು ಉಳಿಯಿತು. ಒತ್ತಿದ. ಬಿಟ್ಟ. ಚೈನು ನಿಂತಿತು. ಆ ಮೌನದಲ್ಲಿ, ಅವನ ಬೆರಳು ಸಡಿಲವಾಗಿದ್ದಾಗ, ದಿಮ್ಮಿ ಒಳಗಿಂದ ಒಮ್ಮೆ ಚಟಾರೆಂದಿತು. ತುದಿ ತಾನಾಗಿಯೇ ಕಳಚಿ ಮರದ ಹುಡಿಯ ಮೇಲೆ ಬಿತ್ತು.

ತನ್ನ ಭಾರಕ್ಕೆ ತಾನೇ ಮುರಿಯಿತು ಎಂದು ಸಾಣೆಯಕ್ಕ ಹೇಳುತ್ತಾಳೆ. ಅದು ನಿಜವೇ. ಆದರೆ ಅದು ಬಿದ್ದದ್ದು ಚಿಕ್ಕಪ್ಪನ ಸರದಿಯಲ್ಲಲ್ಲ. ಅವನು ಗರಗಸವನ್ನು ನೆಲಕ್ಕಿಟ್ಟು, ಕೈಗವಸು ಕಳಚಿ, ದಿಮ್ಮಿಯ ಹೊಸ ಮುಖದ ಮೇಲೆ ಅಂಗೈ ಇಟ್ಟ. ಅಲ್ಲಿ ಮರ ಇನ್ನೂ ಬೆಚ್ಚಗಿತ್ತು.